ಕಾಗೆ ಮುಟ್ಟಿದ ಭಾನುವಾರ

ನಮ್ಮ ಮನೆಗೆ ಟೀವಿ ಬಂದ ಹೊಸತರ ಕಥೆ ಹೇಳು ಎಂದು ಯಾರಾದರೂ ಕೇಳಿದರೆ ನಾನು ಹುಲ್ಲಿನ ಮೆದೆಯ ಕಥೆ ಹೇಳಿ ನಗಿಸುತ್ತೇನೆ. ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸರಿಗೂ ಹೇಳಿದ್ದೇನೆ. ಅವರು ನಕ್ಕು ಕಣ್ಣೊರೆಸಿಕೊಂಡು ‘ಆಮೇಲೆ?’ ಅಂದರೆ ಮಾತು ಬೇರೆ ಕಡೆಗೆ ತಿರುಗಿಸಿಬಿಡುತ್ತೇನೆ. ಆಮೇಲಿನದು ಕಾಗೆಯ ಕಥೆ. ಅದನ್ನು ಕೇಳಿದರೂ ಜನ ನಗುತ್ತಾರೆ. ಅದಕ್ಕೇ ಹೇಳುವುದಿಲ್ಲ.

ತೊಂಬತ್ತರ ದಶಕದ ಶುರುವಿನ ಮಾತು. ಚಿನಕುರಳಿಯಲ್ಲಿ ಬಸ್ಸಿಳಿದು ಗದ್ದೆ ಬದಿ ಹಿಡಿದು ನಡೆದರೆ ನಮ್ಮೂರು ಸಿಗುತ್ತದೆ. ಕಬ್ಬು ಕೈಹತ್ತಿದ ಒಂದು ವರ್ಷ ಅಪ್ಪ ಶ್ರೀರಂಗಪಟ್ಟಣದಿಂದ ಕಪ್ಪು-ಬಿಳುಪಿನ ಸಣ್ಣ ಟೀವಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ. ದಾರಿಯುದ್ದಕ್ಕೂ ಯಾರಿಗೂ ಮುಟ್ಟಲು ಬಿಡಲಿಲ್ಲವಂತೆ. ನಮ್ಮ ಬೀದಿಗೆ ಅದೇ ಮೊದಲನೆಯದು. ಹೆಂಚಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದರು. ಆಚೆ ಕಲ್ಲು ಕೋರೆಯಲ್ಲಿ ಬಂಡೆಗೆ ಸಿಡಿಮದ್ದು ಹೊಡೆದರೆ ಪೈಪು ಅದುರಿ, ಪರದೆಯ ಮೇಲೆ ಮಾತಾಡುತ್ತಿದ್ದವರೆಲ್ಲ ಒಂದು ಸಲ ಸೊಟ್ಟಗಾಗಿ ಮತ್ತೆ ನೆಟ್ಟಗಾಗುತ್ತಿದ್ದರು. ಅವ್ವ ಅದಕ್ಕೊಂದು ಬಿಳಿ ಬಟ್ಟೆಯ ಹೊದಿಕೆ ಮಾಡಿ ಅಂಚಿಗೆ ಕೆಂಪು ದಾರದಲ್ಲಿ ಹೂವು ಹಾಕಿದಳು. ನನ್ನ ಲಂಗಕ್ಕೆ ಅಷ್ಟು ಮುತುವರ್ಜಿಯಿಂದ ಒಂದು ಗುಂಡಿ ಹಾಕಿಕೊಟ್ಟವಳಲ್ಲ ಅವಳು.

ಅವ್ವನನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವ್ವ ಬೆಳಗಾದರೆ ಕೊಟ್ಟಿಗೆ, ಆಮೇಲೆ ಒಲೆ, ಆಮೇಲೆ ಗದ್ದೆ, ಮತ್ತೆ ಒಲೆ ಎಂದು ಓಡಾಡುತ್ತಿದ್ದ ಹೆಂಗಸು. ಅವಳು ಸುಮ್ಮನೆ ಕೂತದ್ದನ್ನು ನಾನು ಕಂಡದ್ದೇ ಟೀವಿ ಬಂದ ಮೇಲೆ. ಅದೂ ಭಾನುವಾರ ಸಂಜೆ ಕನ್ನಡ ಸಿನಿಮಾ ಬರುವ ಹೊತ್ತಿಗೆ ಮಾತ್ರ. ಅವತ್ತು ಅವಳು ಮಧ್ಯಾಹ್ನವೇ ರಾತ್ರಿಗೂ ಸಾರು ಮಾಡಿಟ್ಟು, ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಮುಗಿಯಿತು. ಅಪ್ಪ ನೀರು ಕೇಳಿದರೂ ‘ಕೈಕಾಲಿಲ್ವಾ?’ ಅನ್ನುತ್ತಿದ್ದಳು. ಬೀದಿಯ ಹೆಂಗಸರು ಮಕ್ಕಳೆಲ್ಲ ಬಂದು ನಡುಮನೆ ತುಂಬಿ, ಜಾಗ ಸಾಲದೆ ಹೊಸ್ತಿಲವರೆಗೂ ಕೂರುತ್ತಿದ್ದರು. ಚಿತ್ರ ಚೆನ್ನಾಗಿ ಕಾಣಲೆಂದು ಕಿಟಕಿ ಮುಚ್ಚಿ ಕತ್ತಲು ಮಾಡುತ್ತಿದ್ದೆವು. ನನ್ನದೇ ಮನೆ, ನನಗೇ ಹೊಸ್ತಿಲ ಪಕ್ಕದ ಜಾಗ! ಹೊಟ್ಟೆ ಉರಿಯುತ್ತಿತ್ತು.

ಈಗ ನನ್ನ ಸೋದರಮಾವನ ವಿಷಯ ಹೇಳಬೇಕು. ಅವ್ವನಿಗೆ ಒಬ್ಬನೇ ತಮ್ಮ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿಯ ಪಕ್ಕದ ಒಂದು ಹಳ್ಳಿಯಲ್ಲಿ ನಮ್ಮ ಅಜ್ಜಿಯ ಜೊತೆ ಇದ್ದ. ಅವನ ಬಾಯಲ್ಲಿ ನಿಜ ಬಂದದ್ದು ಕಡಿಮೆ. ಟೀವಿ ನೋಡುವ ನೆಪದಲ್ಲಿ ಬಂದು ಇಡೀ ಮನೆಯನ್ನು ಆಟ ಆಡಿಸಿ ಹೋಗುತ್ತಿದ್ದ. ಒಮ್ಮೆ ಚಿತ್ರ ಸರಿ ಬರದಿದ್ದಾಗ ನಮ್ಮ ದೊಡ್ಡಪ್ಪನಿಗೆ, ‘ತಾಮ್ರದ ಬಿಂದ್ಗೆ ತಲೆ ಮ್ಯಾಲೆ ಇಟ್ಕಂಡು ಪೈಪಿನ ಪಕ್ಕ ನಿಂತ್ಕಂಡ್ರೆ ಚಿತ್ರ ಎಳ್ಕತದೆ ಭಾವ’ ಎಂದು ಮುಖ ಗಂಟಿಕ್ಕಿಕೊಂಡು ಹೇಳಿದ. ದೊಡ್ಡಪ್ಪ ಪಂಚಾಯಿತಿಯಲ್ಲಿ ಕೂತು ನ್ಯಾಯ ಹೇಳುವ ಮನುಷ್ಯ. ಬಿಂದಿಗೆ ಹೊತ್ತು ಹೆಂಚಿನ ಮೇಲೆ ನಿಂತ. ಮಾವ ಕೆಳಗಿನಿಂದ ‘ಬಂತು ಬಂತು, ಅಳ್ಳಾಡ್ಬ್ಯಾಡ!’ ಎಂದು ಕೂಗುತ್ತ ಒಳಗೆ ಕೂತು ಸಿನಿಮಾ ನೋಡಿದ. ಬೀದಿಯಲ್ಲಿ ಹೋಗುವವರೆಲ್ಲ ಹೆಂಚಿನ ಮೇಲೆ ನೋಡಿಕೊಂಡು ಹೋದರು.

ಹುಲ್ಲಿನ ಮೆದೆಯದು ಅದಕ್ಕಿಂತ ದೊಡ್ಡದು. ಟೀವಿ ಇಟ್ಟುಕೊಂಡವರೆಲ್ಲ ಲೈಸೆನ್ಸು ಮಾಡಿಸಬೇಕೆಂಬ ಕಾನೂನು ಹಿಂದೆ ಇತ್ತು. ನಾವು ಕೊಳ್ಳುವ ಹೊತ್ತಿಗೆ ಅದನ್ನು ತೆಗೆದುಹಾಕಿದ್ದರು. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಮಾವ ಒಂದು ದಿನ ಏದುಸಿರು ಬಿಡುತ್ತ ಓಡಿಬಂದು, ‘ಭಾವ, ಲೈಸೆನ್ಸ್ ಕೇಳೋರು ಪಾಂಡವಪುರದಿಂದ ಜೀಪಲ್ಲಿ ಒಂಟವ್ರೆ, ಟೀವಿ ಎತ್ಕಂಡೋಗ್ತಾವ್ರೆ’ ಅಂದ. ಅಪ್ಪ ಟೀವಿಯನ್ನು ಕಂಬಳಿಯಲ್ಲಿ ಸುತ್ತಿ ಹಿತ್ತಲಿನ ಹುಲ್ಲಿನ ಮೆದೆಯೊಳಗೆ ತೂರಿಸಿದ. ಕತ್ತಲಾಗುವತನಕ ಮೆದೆಗೆ ಒರಗಿ ಬೀಡಿ ಕೂಡ ಸೇದದೆ ಕಾವಲು ಕೂತ. ಅದು ಭಾನುವಾರ. ಅವ್ವನ ಸಿನಿಮಾ ಹೋಯಿತು. ಮಾವ ನಕ್ಕು ಉರುಳಾಡುವಾಗ ಅವ್ವ ಕಸಪೊರಕೆ ಹಿಡಿದು ಅವನನ್ನು ಕೆರೆ ಏರಿಯತನಕ ಅಟ್ಟಿಸಿಕೊಂಡು ಹೋದಳು. ವಾಪಸು ಬಂದು, ಕೂದಲು ಕಟ್ಟಿಕೊಳ್ಳುತ್ತ, ಎಲ್ಲರ ಎದುರಿಗೆ ಹೇಳಿದಳು: ‘ಇವ್ನ ಬಾಯಿಂದ ಬಂದುದ್ನ ನಾನು ಸಾಯೋಗಂಟ ನಂಬಕಿಲ್ಲ ಕಣ್ರೀ.’

ಜನ ನಗುವುದು ಇಲ್ಲಿಯತನಕ. ನಾನು ನಿಲ್ಲಿಸುವುದೂ ಇಲ್ಲೇ.

ಅಜ್ಜಿ ಒಂದು ದಿನ ತನ್ನೂರಿನ ಮನೆಯ ಅಂಗಳದಲ್ಲಿ ಅವರೆಕಾಳು ಒಣಗಲು ಹರವುತ್ತಿದ್ದಾಗ ಕಾಗೆಯೊಂದು ಹಾರಿಬಂದು ಅವಳ ತಲೆಗೆ ಬಡಿದು ಹೋಯಿತು. ನಮ್ಮ ಕಡೆ ಇದಕ್ಕೆ ಎಲ್ಲರೂ ಹೆದರುತ್ತಾರೆ. ಕಾಗೆ ತಲೆ ಮುಟ್ಟಿದರೆ ಸಾವು ಮುಟ್ಟಿ ಗುರುತು ಮಾಡಿ ಹೋದ ಹಾಗೆ. ಅದಕ್ಕೊಂದು ಪರಿಹಾರವೂ ಇದೆ. ಆ ಮನುಷ್ಯ ಸತ್ತೇಹೋದ ಎಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಅತ್ತರೆ ಸಾವಿಗೆ ಸಲ್ಲಬೇಕಾದದ್ದು ಸಂದು ದೋಷ ಕಳೆಯಿತು ಎಂದು ಲೆಕ್ಕ. ಆಮೇಲೆ ‘ಇಲ್ಲ ಕಣ್ರವ್ವ, ಕಾಗೆ ಮುಟ್ಟಿತ್ತು’ ಎಂದು ಹೇಳಿದರೆ ಅತ್ತವರೇ ಎದ್ದು ಬೈದು, ನಕ್ಕು, ಸುದ್ದಿ ತಂದವನಿಗೆ ಕಾಫಿ ಕೊಡುತ್ತಾರೆ. ಅಳುವವರು ಮಗಳೋ ಅಕ್ಕತಂಗಿಯೋ ಆಗಿದ್ದರೆ ಒಳ್ಳೆಯದು. ಅಜ್ಜಿಗೆ ಇದ್ದವಳು ಒಬ್ಬಳೇ ಮಗಳು, ನಮ್ಮವ್ವ.

ಸುದ್ದಿ ಒಯ್ಯುವುದಕ್ಕೆ ಅವತ್ತು ಊರಲ್ಲಿ ಬೇರೆ ಯಾರೂ ಸಿಗಲಿಲ್ಲವಂತೆ. ಮಾವ ‘ನಾನೋದ್ರೆ ಅಕ್ಕ ನಂಬಕಿಲ್ಲ ಕಣವ್ವ’ ಎಂದು ತಲೆ ಕೆರೆದುಕೊಂಡನಂತೆ. ಅಜ್ಜಿ ಕೇಳಲಿಲ್ಲ. ‘ಎತ್ತವ್ವ ಸತ್ಲು ಅನ್ನೋದ ಯಾವ್ ಮಗನಾರಾ ಆಟಕ್ಕೆ ಏಳ್ತಾನ್ಲಾ? ಓಗು, ನಂಬ್ತಳೆ’ ಎಂದು ಕಳಿಸಿದಳು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಅವತ್ತೂ ಭಾನುವಾರ. ಟೀವಿಯಲ್ಲಿ ಬರುತ್ತಿದ್ದ ಸಿನಿಮಾದಲ್ಲಿ ಗಂಡ ಸತ್ತ ಒಬ್ಬ ಹೆಂಗಸು ಹೊಲಿಗೆ ಮಿಷನ್ನು ತುಳಿದು ತುಳಿದು ಮಕ್ಕಳನ್ನು ಸಾಕಿ, ಕಣ್ಣು ಕಳೆದುಕೊಂಡು ಹಾಸಿಗೆ ಹಿಡಿದಿದ್ದಳು. ದೊಡ್ಡವರಾದ ಮಕ್ಕಳು ಎಲ್ಲೋ ಇದ್ದರು. ಇನ್ನೇನು ಅವಳ ಜೀವ ಹೋಗುತ್ತದೆ, ಮಕ್ಕಳು ಬರುತ್ತಾರೋ ಇಲ್ಲವೋ. ನಮ್ಮ ನಡುಮನೆ ಪೂರ್ತಿ ಬಿಕ್ಕುತ್ತಿತ್ತು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಎದುರುಮನೆ ಅತ್ತೆಯಂತೂ ಮೂಗೊರೆಸಿಕೊಂಡು ಮೂಗೊರೆಸಿಕೊಂಡು ಅಳುತ್ತಿದ್ದಳು.

ಆಗ ಯಾರೋ ಹೊಸ್ತಿಲ ಆಚೆಯಿಂದ ನನ್ನ ಭುಜ ಮುಟ್ಟಿದರು. ತಿರುಗಿದರೆ ಮಾವ. ಅವನ ಮುಖ ಎಂದಿನ ಹಾಗಿರಲಿಲ್ಲ. ‘ಒಳಕ್ಕೆ ಬಾ ಮಾವ’ ಅಂದೆ. ‘ಬರಬಾರ್ದು ಕಣ್ ಮಗ. ನಿಮ್ಮಜ್ಜಿ ಹೋಗ್ಬುಡ್ತು. ಹೋಗಿ ನಿಮ್ಮವ್ವಂಗೇಳು’ ಅಂದ. ಸಾವಿನ ಸುದ್ದಿ ತಂದವರು ಹೊಸ್ತಿಲು ದಾಟುವುದಿಲ್ಲ. ಅಷ್ಟು ನನಗೂ ಗೊತ್ತಿತ್ತು. ನಾನು ಆಗ ನಾಲ್ಕನೇ ಕ್ಲಾಸು. ಕೂತವರ ಕಾಲು ಕೈ ತುಳಿದುಕೊಂಡು ಹೋಗಿ ಅವ್ವನ ಕಿವಿಯಲ್ಲಿ ಹೇಳಿದೆ.

ಅವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ಯಾರೇಳುದ್ರು?’

‘ಮಾವ. ಬಾಗ್ಲಲ್ಲಿ ನಿಂತವ್ನೆ.’

ಮಾವ ಎಂದದ್ದೇ ತಡ ಅವ್ವನ ಮೈ ಸಡಿಲವಾದದ್ದು ನನಗೆ ಗೊತ್ತಾಯಿತು. ‘ಎತ್ತ ಮಗ ಹೆಣ ಬುಟ್ಟು ಸುದ್ದಿ ಏಳಾಕೆ ಬತ್ತನಾ? ಅವ್ನ ಆಟ ಇದ್ದುದ್ದೇಯ. ಸುಮ್ಕಿರು, ಸಿನಿಮಾ ಮುಗೀಲಿ, ಪೊರಕೆ ತಕ್ಕಂಡು ಬತ್ತೀನಿ’ ಅಂದಳು. ಮತ್ತೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾಯಿ ಸತ್ತರೆ ಮಗ ಹೆಣದ ಪಕ್ಕ ಇರುತ್ತಾನೆ, ಸುದ್ದಿ ಹೇಳಲು ಬೇರೆಯವರು ಹೋಗುತ್ತಾರೆ. ಅವ್ವ ಆಮೇಲೆ ಎಷ್ಟೋ ವರ್ಷ ಈ ಒಂದು ಮಾತನ್ನು ಹಿಡಿದುಕೊಂಡು ತನ್ನ ಪರವಾಗಿ ತಾನೇ ವಾದ ಮಾಡಿದಳು. ಯಾರೂ ಕೇಳದಿದ್ದರೂ ಮಾಡಿದಳು. ಅವಳದು ಹಾಗಿರಲಿ, ನನ್ನ ಸಂಗತಿ ಹೇಳುತ್ತೇನೆ. ಅವ್ವ ‘ಅವ್ನ ಆಟ’ ಎಂದಾಗ ನನಗೆ ಆದ ಸಮಾಧಾನ ಅಜ್ಜಿ ಬದುಕಿದ್ದಾಳೆ ಎಂಬುದಕ್ಕಲ್ಲ. ಟೀವಿ ಆರಿಸುವುದಿಲ್ಲ ಎಂಬುದಕ್ಕೆ. ಸೂತಕವಾದರೆ ಟೀವಿ ಹಾಕುವುದಿಲ್ಲ ಎಂಬ ಯೋಚನೆ ಬಾಗಿಲಿಂದ ಅವ್ವನ ತನಕ ಬರುವಷ್ಟರಲ್ಲೇ ನನಗೆ ಬಂದಿತ್ತು. ಥೂ, ಎಂಥ ಹುಡುಗಿ ನಾನು! ಮುಂದೆ ಜಾಗ ಸಿಕ್ಕಿತಲ್ಲ ಎಂದು ಹೊಸ್ತಿಲ ಬಳಿಗೂ ವಾಪಸು ಹೋಗದೆ ಅವ್ವನ ಮಂಡಿಗೆ ಒರಗಿ ಕೂತುಬಿಟ್ಟೆ. ಆ ಹೆಂಗಸಿನ ಮಕ್ಕಳು ಓಡಿಬಂದರು. ಅವಳು ಅವರ ಮುಖ ತಡವಿ ಕಣ್ಣು ಮುಚ್ಚಿದಳು. ಅವ್ವ ಗೊಳೋ ಎಂದಳು, ನಾನೂ ಅತ್ತೆ.

ಸಿನಿಮಾ ಮುಗಿದು ಯಾರೋ ಕಿಟಕಿ ತೆಗೆದರು. ಎಲ್ಲರೂ ನಾಚಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಾಗ ಬಸ್‌ಸ್ಟಾಂಡಿನ ಪೆಟ್ಟಿಗೆ ಅಂಗಡಿಯ ಮುದುಕ ಓಡೋಡಿ ಬಂದು ಜಗಲಿ ಹತ್ತಿದ. ‘ಸಾಕು ಸುಮ್ಕಿರ್ರವ್ವ, ಅಳಬ್ಯಾಡಿ! ನಿಮ್ಮವ್ವ ಗುಂಡ್ಕಲ್ಲಿನಂಗವ್ಳಂತೆ. ಕಾಗೆ ಮುಟ್ತಂತೆ, ಅದ್ಕೆ ಸುದ್ದಿ ಕಳ್ಸಿದ್ದಂತೆ. ನೀವು ಅಳೋದ ನೋಡಕಾಗ್ದೆ ನಿಮ್ ತಮ್ಮ ಓಡ್ ಬಂದು ನನ್ ತಾವ ಏಳ್ಬುಟ್ಟು ಬಸ್ ಅತ್ಕಂಡ. ಅವ್ನೂ ಅಳ್ತಿದ್ದ ಪಾಪ!’

ಹೊರಗಿನ ಬೆಳಕಿನಲ್ಲಿ ನಿಂತಿದ್ದ ಮಾವನಿಗೆ ಒಳಗೆ ಕಂಡದ್ದು ಟೀವಿಯ ಬೆಳಕು ಬಿದ್ದ ಮುಖಗಳು. ನಾನು ಹೋಗಿ ಅವ್ವನ ಕಿವಿಗೆ ಬಾಯಿ ಇಟ್ಟದ್ದನ್ನು ಕಂಡ. ಅವ್ವ ಕಣ್ಣಿಗೆ ಸೆರಗು ಒತ್ತಿದ್ದನ್ನು ಕಂಡ. ಬೀದಿಯ ಹೆಂಗಸರೆಲ್ಲ ಸೇರಿ ಅಳುತ್ತಿದ್ದುದನ್ನು ಕಂಡ. ಅಷ್ಟು ಸಾಕಾಯಿತು ಅವನಿಗೆ.

‘ಯಾವ್ ಸುದ್ದಿ? ಯಾರ್ಗೆ ಕಾಗೆ ಮುಟ್ತು?’ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಎದುರುಮನೆ ಅತ್ತೆ ಅವ್ವನ ಪಕ್ಕದಲ್ಲೇ ಕೂತಿದ್ದವಳು. ನಿಧಾನವಾಗಿ ನನ್ನ ಕಡೆ ತಿರುಗಿದಳು. ‘ಅಯ್ಯೋ ಶಿವ್ನೇ! ಆಗ್ಲೇ ಈ ಕೂಸು ನಿನ್ ಕಿವೀಲಿ ಏಳಿದ್ದು ಇದೇನಾ?’

ಅವ್ವನ ಕೆನ್ನೆ ಇನ್ನೂ ಒದ್ದೆಯಿತ್ತು. ಆ ಒದ್ದೆ ಯಾರಿಗಾಗಿ ಎಂದು ನಡುಮನೆಯಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು. ಅವಳು ಅಂಗೈಯಿಂದ ಕೆನ್ನೆಯನ್ನು ಒರೆಸಿಕೊಂಡ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಗಣಿ ಸಿಡಿದರೆ ಹಾಗೆ ಒರೆಸಿಕೊಳ್ಳುತ್ತಿದ್ದಳು.

‘ಈಗ್ಲಾರ ಒಸಿ ಅಳವ್ವ, ದೋಸ ಓಗ್ಲಿ’ ಎಂದಳು ಒಬ್ಬಳು. ತಮಾಷೆಗೆ ಅಲ್ಲ, ಕಾಳಜಿಯಿಂದಲೇ ಹೇಳಿದಳು. ಅವ್ವ ಅಡುಗೆಮನೆಗೆ ಹೋಗಿ ಒಲೆ ಮುಂದೆ ಕೂತಳು. ಅಳು ಬರಲಿಲ್ಲ. ಬದುಕಿದ್ದಾಳೆಂದು ಗೊತ್ತಾದ ಮೇಲೆ ಹೇಗೆ ಅಳುವುದು? ಇದ್ದ ನೀರನ್ನೆಲ್ಲ ಆ ಮಿಷನ್ನಿನ ಹೆಂಗಸಿಗೆ ಸುರಿದಾಗಿತ್ತು. ಅಪ್ಪ ಕತ್ತಲಾದ ಮೇಲೆ ಗದ್ದೆಯಿಂದ ಬಂದವನು ಸಂಗತಿ ಕೇಳಿ ಗೋಡೆ ಹಿಡಿದುಕೊಂಡು ನಕ್ಕ. ಅವ್ವ ಅವನ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಡದೆ ಎದ್ದು ಹೋದಳು.

ಅವತ್ತಿಂದ ಅವ್ವನಿಗೆ ಶುರುವಾದ ಹೆದರಿಕೆ ಎಂಥದ್ದೆಂದು ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಯಾರೂ ಅಳಲಿಲ್ಲ ಎಂದ ಮೇಲೆ ದೋಷ ಕಳೆದಿಲ್ಲ. ಅಜ್ಜಿಗೆ ಏನಾದರೂ ಆದರೆ ಅದಕ್ಕೆ ತಾನೇ ಕಾರಣ. ಹೋಗಿ ಹೇಳೋಣವೆಂದರೆ ಬಾಯಿ ಬೇಕಲ್ಲ! ‘ನೀನು ಸತ್ತೆ ಅಂದ್ರು, ನಾನು ಸಿನಿಮಾ ನೋಡ್ತಿದ್ದೆ’ ಎಂದು ಹೆತ್ತ ತಾಯಿಗೆ ಯಾವ ಮುಖದಲ್ಲಿ ಹೇಳುವುದು? ಶನಿವಾರ ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿದಳು. ಕೆ.ಆರ್. ಪೇಟೆ ಕಡೆಯ ಬಸ್ಸಿನಿಂದ ನಮ್ಮೂರಿನವರು ಯಾರಾದರೂ ಇಳಿದು ಬಂದರೆ ಅವರ ಮುಖ ನೋಡುವ ತನಕ ಉಸಿರು ಬಿಡುತ್ತಿರಲಿಲ್ಲ. ಭಾನುವಾರ ಟೀವಿ ಹಾಕಿದರು, ಬೀದಿಯವರು ಬಂದರು. ಅವ್ವ ಮಾತ್ರ ಹಿತ್ತಲಲ್ಲಿ ಸೌದೆ ಜೋಡಿಸುತ್ತಿದ್ದಳು.

ಹೀಗಿರುವಾಗ ಅಜ್ಜಿಯೇ ಬಂದಳು. ದೋಷ ಕಳೆಯಿತಲ್ಲ, ಇನ್ನು ಮಗಳ ಮನೆಗೆ ಹೋಗಿ ಮುಖ ತೋರಿಸಿ ಬರೋಣವೆಂದು ಒಂದು ಚೀಲದ ತುಂಬ ತಂಬಿಟ್ಟು ಮಾಡಿಕೊಂಡು ಬಂದಿದ್ದಳು. ಜಗಲಿಯಲ್ಲಿ ಕೂತು ನೀರು ಕುಡಿದು, ‘ನಿನ್ ತಮ್ಮ ಎಲ್ಲಾ ಏಳ್ದ ಕಣ್ ಮಗ’ ಎಂದು ಅವ್ವನ ತಲೆ ಸವರಿದಳು. ‘ಇಡೀ ಬೀದಿ ಸೇರ್ಕಂಡು ಅಳ್ತಿತ್ತಂತೆ. ಟೀವಿ ಆರ್ಸಕ್ಕೂ ಗ್ಯಾನ ಇರ್ನಿಲ್ವಂತೆ. ಅವ್ನು ಇನ್ನು ಆಟ ಆಡದೇ ಬುಟ್ಬುಟ್ಟೆ ಅಂತವ್ನೆ. ನನ್ ಅಕ್ಕನ್ ಅಳು ನೋಡಿ ಸಾಕಾಯ್ತವ್ವ ಅಂದ.’

ಇದು ನಿಜ. ಮಾವ ಅವತ್ತಿಂದ ಯಾರಿಗೂ ಸುಳ್ಳು ಹೇಳಿ ಆಟ ಆಡಿಸಿದ್ದನ್ನು ನಾನು ಕಂಡಿಲ್ಲ. ಅವನಿಗೆ ನಿಜ ಏನೆಂದು ಹೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ನನ್ನ ಕೈಗೆ ಚೀಲ ಕೊಟ್ಟು, ಬೀದಿಯ ಒಂದೊಂದು ಮನೆಗೂ ಹೋಗಿ ತಂಬಿಟ್ಟು ಕೊಟ್ಟಳು. ‘ನನ್ಗೋಸ್ಕರ ಅತ್ರಂತಲ್ಲವ್ವ, ನಿಮ್ ಹೊಟ್ಟೆ ತಣ್ಣಗಿರ್ಲಿ’ ಅನ್ನುವಳು. ಆ ಹೆಂಗಸರು ಒಮ್ಮೆ ಅಜ್ಜಿಯನ್ನು, ಒಮ್ಮೆ ನನ್ನನ್ನು ನೋಡುವರು. ನಾನು ನೆಲ ನೋಡುವೆ. ‘ಅಳ್ದೆ ಇರಾಕಾಯ್ತದಾ ಅಜ್ಜಿ’ ಎಂದು ತಂಬಿಟ್ಟು ಇಸಿದುಕೊಳ್ಳುವರು. ಎದುರುಮನೆ ಅತ್ತೆಯಂತೂ ‘ನಿನ್ ಮಗ್ಳುನ್ನ ಇಡ್ಕಳಕಾಗ್ನಿಲ್ಲ ಕಣಜ್ಜಿ’ ಎಂದೇಬಿಟ್ಟಳು. ಬೀದಿಗೆ ಬೀದಿಯೇ ನಮ್ಮ ಮಾನ ಮುಚ್ಚಲು ಸುಳ್ಳು ಹೇಳುತ್ತಿತ್ತು. ಅವರು ಯಾರಾದರೂ ಒಬ್ಬರು ನಿಜ ಹೇಳಿ ನನ್ನ ಕೆನ್ನೆಗೆ ಬಾರಿಸಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಸಂಜೆ ಅವ್ವ ಒಲೆಯ ಮೇಲೆ ಮುದ್ದೆ ತಿರುವುತ್ತಿದ್ದಳು. ನಡುಮನೆಯಲ್ಲಿ ಅಜ್ಜಿ ಕಾಲು ನೀಡಿ ಕೂತು ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದಳು. ಕೇಳಲೋ ಬೇಡವೋ ಎಂಬಂತೆ ದನಿ ತಗ್ಗಿಸಿ ಕೇಳಿದಳು: ‘ಏನಂತ ಅತ್ಲು ಮಗ ನಿಮ್ಮವ್ವ?’

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಸತ್ತವರು ಏನು ಮಾಡಿದರು, ಹೇಗೆ ಬಾಳಿದರು, ಏನು ಕಷ್ಟಪಟ್ಟರು ಎಲ್ಲವನ್ನೂ ರಾಗವಾಗಿ ಎತ್ತಿ ಹೇಳುತ್ತಾರೆ. ಎಂಥ ಗಟ್ಟಿ ಗುಂಡಿಗೆಯವಳಿಗೂ ತನ್ನ ಬಗ್ಗೆ ಮಕ್ಕಳು ಏನು ಹೇಳಿಕೊಂಡು ಅತ್ತರೆಂದು ಕೇಳುವ ಪುಣ್ಯ ಇಲ್ಲ. ಕಾಗೆ ಮುಟ್ಟಿದವರಿಗೆ ಮಾತ್ರ ಆ ಅವಕಾಶ. ಅಜ್ಜಿ ಬಸ್ಸು ಹತ್ತಿ ಬಂದದ್ದೇ ಅದನ್ನು ಕೇಳಲು ಎಂದು ನನಗೆ ಈಗ ಅನ್ನಿಸುತ್ತದೆ.

ಆಗ ಅದು ತಿಳಿಯಲಿಲ್ಲ. ಸುಮ್ಮನಿದ್ದರೆ ಸಿಕ್ಕಿಬೀಳುತ್ತೇವೆಂಬ ಭಯ. ಬಾಯಿಗೆ ಬಂದದ್ದನ್ನು ಹೇಳಿದೆ. ‘ನಮ್ಮನ್ನ ಸಾಕಾಕೆ ಎಷ್ಟು ಕಷ್ಟಪಟ್ಟೆ ಅವ್ವ ಅಂತ ಅತ್ತಳು ಅಜ್ಜಿ.’

‘ಊಂ?’ ಅಜ್ಜಿಯ ಕೈ ನಿಂತಿತು.

‘ಕಣ್ಣು ಮಂಜಾದ್ರೂ ಬುಡ್ಲಿಲ್ವಲ್ಲವ್ವ ಅಂದ್ಲು. ಹಗ್ಲು ರಾತ್ರಿ ಮಿಷನ್ ತುಳ್ದು ತುಳ್ದು ನಮ್ಮನ್ನ ಓದಿಸ್ದೆ ಅಂದ್ಲು.’

ಹೇಳಿದ ಮೇಲೆ ನನಗೇ ಕೇಳಿಸಿತು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

‘ಮಿಷನ್ನಾ?’ ಎಂದಳು ಅಜ್ಜಿ. ‘ನಾನು ಸೂಜಿಗೆ ದಾರ ಪೋಣ್ಸೋಳಲ್ವಲ್ಲ ಮಗ.’

ಅಡುಗೆಮನೆಯಲ್ಲಿ ಮುದ್ದೆ ಕೋಲಿನ ಸದ್ದು ನಿಂತುಹೋಯಿತು. ಅಜ್ಜಿ ತಿರುಗಿ ಮೂಲೆಯಲ್ಲಿದ್ದ ಟೀವಿಯನ್ನು ನೋಡಿದಳು. ಬಿಳಿ ಹೊದಿಕೆ, ಕೆಂಪು ದಾರದ ಹೂವು. ಬಹಳ ಹೊತ್ತು ನೋಡಿದಳು. ನನ್ನ ಬೆನ್ನಿನ ಮೇಲೆ ಎಣ್ಣೆ ಇಳಿಯುತ್ತಿತ್ತು, ನಾನು ಅಲ್ಲಾಡಲಿಲ್ಲ.

‘ಸಿನಿಮಾ ಚೆನ್ನಾಗಿತ್ತಾ?’ ಎಂದು ಕೇಳಿದಳು ಅಜ್ಜಿ.

‘ಊಂ’ ಅಂದೆ.

‘ಸತ್ತೋದ್ಲಾ ಆ ತಾಯಿ?’

‘ಊಂ.’

‘ಮಕ್ಕಳು ಬಂದ್ರಾ, ಜೀವ ಓಗೋದ್ರೊಳ್ಗೆ?’

‘ಬಂದ್ರು ಅಜ್ಜಿ.’

‘ಸದ್ಯ, ಬುಡು’ ಎಂದು ಅಜ್ಜಿ ಮತ್ತೆ ಎಣ್ಣೆ ಹಚ್ಚತೊಡಗಿದಳು. ಬೈಯಲಿಲ್ಲ. ದನಿ ಕೂಡ ಏರಿಸಲಿಲ್ಲ. ಊಟಕ್ಕೆ ಕೂತಾಗ ಅವ್ವ ತಲೆ ಎತ್ತದೆ ಬಡಿಸಿದಳು. ಅಜ್ಜಿ ‘ಸಾರ್ಗೆ ಉಪ್ಪು ಒಸಿ ಜಾಸ್ತಿ ಆಗದೆ ಕಣ್ ಮಗ’ ಎಂದದ್ದು ಬಿಟ್ಟರೆ ಬೇರೆ ಏನೂ ಹೇಳಲಿಲ್ಲ. ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟಳು. ಅವ್ವ ಅವಳನ್ನು ಬಸ್ಸು ಹತ್ತಿಸಲು ಚಿನಕುರಳಿಯ ತನಕ ನಡೆದಳು. ದಾರಿಯಲ್ಲಿ ತಪ್ಪಾಯಿತು ಎಂದು ಹೇಳಬೇಕೆಂದಿದ್ದಳಂತೆ. ಗದ್ದೆ, ಮಳೆ, ಹಸುವಿನ ಕೆಚ್ಚಲು ಬಾವು ಎಲ್ಲದರ ಮಾತೂ ಆಯಿತು, ಅದೊಂದು ಆಗಲಿಲ್ಲ. ಅವ್ವ ಮನೆಗೆ ಬಂದು ಟೀವಿಯ ಹೊದಿಕೆ ಕಿತ್ತುಕೊಂಡು ಹೋಗಿ ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿದಳು. ಆ ಕೆಂಪು ಹೂವುಗಳು ಕಪ್ಪಾಗುವುದಕ್ಕೆ ಬಹಳ ದಿನ ಬೇಕಾಯಿತು.

ಅವ್ವ ಸಿನಿಮಾ ನೋಡುವುದನ್ನು ಬಿಟ್ಟಳೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ತಿಂಗಳಾದ ಮೇಲೆ ಮತ್ತೆ ಕಂಬಕ್ಕೆ ಒರಗಿ ಕೂತಳು. ಆದರೆ ಟೀವಿಯಲ್ಲಿ ಯಾರಾದರೂ ಸಾಯುವ ಹೊತ್ತಾದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಬೀದಿಯವರು ಮೊದಮೊದಲು ಮುಸಿಮುಸಿ ನಕ್ಕರು, ಆಮೇಲೆ ಅದೂ ನಿಂತಿತು.

ದೋಷವೋ ಸುಡುಗಾಡೋ, ಅಜ್ಜಿ ಅಷ್ಟು ಬೇಗ ಸಾಯಲಿಲ್ಲ. ಆ ದಶಕ ಮುಗಿಯುತ್ತ ಬಂದಾಗ ಹೋದಳು. ನಾನು ಆಗ ಪಾಂಡವಪುರದ ಕಾಲೇಜಿಗೆ ಹೋಗುತ್ತಿದ್ದೆ. ಮನೆಗೆ ಬಣ್ಣದ ಟೀವಿ ಬಂದಿತ್ತು. ಬೆಳಗಿನ ಹೊತ್ತು ಅಜ್ಜಿಯ ಊರಿನ ಒಬ್ಬ ಹುಡುಗ ಮೋಟಾರು ಸೈಕಲ್ಲಿನಲ್ಲಿ ಬಂದು ಅಂಗಳದಲ್ಲಿ ನಿಂತ, ಹೊಸ್ತಿಲ ಹತ್ತಿರ ಬರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಅವ್ವ ಹೋಗಿ ಟೀವಿ ಆರಿಸಿದಳು. ‘ಕಾಗೆ ಗೀಗೆ ಏನಾರ...’ ಎಂದು ಅಪ್ಪ ಶುರುಮಾಡಿದ. ಹುಡುಗ ತಲೆ ಅಲ್ಲಾಡಿಸಿದ.

ನಾವು ಹೋಗುವಷ್ಟರಲ್ಲಿ ಅಜ್ಜಿಯನ್ನು ಅವಳ ಮನೆಯ ಜಗಲಿಯ ಮೇಲೆ ಕೂರಿಸಿ ಹಣೆಗೆ ಬಟ್ಟೆ ಕಟ್ಟಿದ್ದರು. ಮಾವ ಪಕ್ಕದಲ್ಲೇ ಇದ್ದ. ಅವ್ವ ಹೋಗಿ ಅಜ್ಜಿಯ ಪಾದದ ಮೇಲೆ ಬಿದ್ದಳು. ಹೇಳಿಕೊಂಡು ಅಳುವುದಕ್ಕೆ ಅವಳಿಗೆ ಬಾಯಿ ಎಲ್ಲಿತ್ತು? ಸುತ್ತ ಕೂತಿದ್ದ ಮುದುಕಿಯರು ಕಾದರು. ಆಮೇಲೆ ಒಬ್ಬಳು ಅವ್ವನ ಬೆನ್ನು ತಟ್ಟಿದಳು. ‘ಅಳವ್ವ, ಅಂಗೇ ಇಟ್ಕಬ್ಯಾಡ. ಅವತ್ತು ಕಾಗೆ ಮುಟ್ದಾಗ ಏನೇನೋ ಏಳ್ಕಂಡು ಅತ್ಯಂತಲ್ಲ, ಅಂಗೇ ಅಳು. ನಿಮ್ಮವ್ವ ನಾಟಿ ಗದ್ದೇಲಿ ನಮ್ಗೆಲ್ಲಾ ಅದ ಏಳಿ ಏಳಿ, ನಮ್ಗೆ ಬಾಯ್ಪಾಠ ಆಗೋಗದೆ.’

ಅವ್ವ ತಲೆ ಎತ್ತಿದಳು. ಏನು ಹೇಳುತ್ತಿದ್ದಾರೆಂದು ಅವಳಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅಷ್ಟರಲ್ಲಿ ಆ ಮುದುಕಿಯೇ ರಾಗ ಎತ್ತಿದಳು.

‘ಜ್ವರದಲ್ಲಿ ನಾ ಬೇಯ್ತಿದ್ರೆ ಕಂಕುಳಲ್ಲಿ ಎತ್ಕಂಡು ನಾಗಮಂಗ್ಲಗಂಟ ನಡೆದ್ಯಲ್ಲವ್ವ...’

ಅವ್ವ ಅವಳ ಬಾಯನ್ನೇ ನೋಡಿದಳು. ಆಮೇಲೆ ಅದನ್ನೇ ಹೇಳಿದಳು, ತೊದಲುತ್ತ. ‘...ನಾಗಮಂಗ್ಲಗಂಟ ನಡೆದ್ಯಲ್ಲವ್ವ.’

‘ಗಂಡುಸ್ರ ಎದ್ರು ಗುದ್ಲಿ ಇಡ್ಕಂಡು ನಿಂತು ಗದ್ದೆಗೆ ನೀರ್ ಕಟ್ದ್ಯಲ್ಲವ್ವ...’

ಅವ್ವ ಹೇಳಿದಳು.

‘ನನ್ ಮದ್ವೆ ಸೀರೆಗೆ ಕರೆಯೋ ಎಮ್ಮೆ ಮಾರ್ಬುಟ್ಟು, ಬರೀ ಗೂಟ ನೋಡ್ಕಂಡು ಕೂತಿದ್ಯಲ್ಲವ್ವ...’

ಒಂದೊಂದು ಸಾಲನ್ನೂ ಮುದುಕಿಯರು ಎತ್ತಿಕೊಟ್ಟರು, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಅವ್ವ ಹಿಂದೆ ಹಿಂದೆ ಹೇಳಿದಳು. ಅದರಲ್ಲಿ ಮಿಷನ್ನು ಇರಲಿಲ್ಲ. ಅಜ್ಜಿ ಯಾರ ಸಿನಿಮಾದಿಂದಲೂ ಏನನ್ನೂ ತಂದಿರಲಿಲ್ಲ. ಮಗಳು ತನಗಾಗಿ ಏನು ಹೇಳಿಕೊಂಡು ಅಳಬೇಕಿತ್ತೋ ಅದನ್ನೆಲ್ಲ ತಾನೇ ಕಟ್ಟಿ, ಮಗಳೇ ಅತ್ತಳೆಂದು ಊರಿಗೆಲ್ಲ ಹಂಚಿದ್ದಳು. ನಾಗಮಂಗಲಕ್ಕೆ ನಡೆದದ್ದಾಗಲಿ, ಎಮ್ಮೆ ಮಾರಿದ್ದಾಗಲಿ ನಾನು ಕೇಳಿದ್ದು ಅವತ್ತೇ ಮೊದಲು. ಅವ್ವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಬಾಯಿಬಿಟ್ಟು ಹೇಳಿರಲಿಲ್ಲ.

ಮುದುಕಿಯರ ಸಾಲುಗಳು ಮುಗಿದವು. ಅವರು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದರು. ಆಗ ಅವ್ವ ಯಾರೂ ಎತ್ತಿಕೊಡದೆಯೇ, ಎದೆ ಬಡಿದುಕೊಂಡು, ಇನ್ನೊಂದು ಹೇಳಿದಳು.

‘ನನ್ ಮಾನ ಕಾದ್ಯಲ್ಲವ್ವ! ಯಾರ್ಗೂ ಏಳ್ದೆ ನನ್ ಮಾನ ಕಾದ್ಯಲ್ಲವ್ವ!’

ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಇದ್ಯಾವ್ದು? ಇದ ನಿಮ್ಮಜ್ಜಿ ನಮ್ಗೆ ಏಳೇ ಇರ್ನಿಲ್ವಲ್ಲ’ ಎಂದು ಒಬ್ಬಳು ನನ್ನನ್ನು ಕೇಳಿದಳು.

ನಾನು ತಲೆ ತಗ್ಗಿಸಿಕೊಂಡು ಅವ್ವನ ಪಕ್ಕ ಕೂತೆ.